ಹನ್ನೊಂದು ಡಾಲರಿನ ಮೆಹರ್

ನವೆಂಬರ್ ೧೨, ೧೯೮೯. ಭಾನುವಾರ. ಮಸ್ಕಿ

ಈ ಪುಸ್ತಕದ ಮುಂದಿನ ಹಾಳೆಗಳಲ್ಲಿ ಗಿರಾಕಿಗಳ ಹೆಸರು, ಹಿಂದಿನಿಂದ ತೆರೆದರೆ ನನ್ನ ಸ್ವಂತ ಪುರಾಣ. ಅಪ್ಪನೂ ಹೀಗೇ ಎರಡು ಕಡೆಯಿಂದ ಬರೆಯುತ್ತಿದ್ದ. ಅಕ್ಕಸಾಲಿ ಯಂಕೋಬ ಪತ್ತಾರನ ಪುರಾಣದಲ್ಲಿ ಇವತ್ತು ಬರೆಯುವಂಥದ್ದು ನಡೆದಿದೆ, ಅದಕ್ಕೇ ಕೂತಿದ್ದೇನೆ.

ಪಕ್ಕದ ಬಟ್ಟೆ ಅಂಗಡಿಯ ಹಾಜಿಸಾಬ ಬಂದ. ಜೊತೆಗೆ ಬೀಗರಾಗಲಿರುವ ಸಿಂಧನೂರಿನ ರಾಜೇಸಾಬ್, ಅವರ ಮಗ ಇಸ್ಮಾಯಿಲ್. ಹುಡುಗ ಕುವೈತಿನಲ್ಲಿ ಕಂಪನಿ ಗಾಡಿ ಓಡಿಸುತ್ತಾನೆ, ರಜೆಗೆ ಬಂದಿದ್ದಾನೆ. ಮುಂದಿನ ಭಾನುವಾರ ಹಾಜಿಸಾಬನ ಮಗಳು ಮೆಹರಬಾನು ಜೊತೆ ನಿಕಾಹ್. ಹುಡುಗ ಮೆಹರ್ ಕೊಡಲು ಹನ್ನೊಂದು ನಾಣ್ಯ ತಂದಿದ್ದ.

"ಕಾಕಾ, ಇವು ಅಮೆರಿಕಾದ ಡಾಲರ್. ನಮ್ಮ ಕಂಪನಿ ಸಾಹೇಬ ಊರಿಗೆ ಹೋಗೋ ಮುಂದ ಬಕ್ಷೀಸ್ ಕೊಟ್ಟಾನ. ಬೆಳ್ಳಿ ಅಂತ ಹೇಳ್ಯಾನ."

ಹಾಜಿಸಾಬ ನನಗೆ ಏನೂ ಗೊತ್ತಿಲ್ಲದವನಿಗೆ ಹೇಳುವ ಹಾಗೆ ಹೇಳಿದ. "ನೋಡು ಯಂಕೋಬ, ಮೆಹರ್ ಅಂದ್ರ ಹುಡುಗಿ ಸ್ವಂತ ಆಸ್ತಿ. ನಾಳೆ ಅಪ್ಪನೂ ಮುಟ್ಟಂಗಿಲ್ಲ, ಗಂಡನೂ ಮುಟ್ಟಂಗಿಲ್ಲ. ಚಂದಾಗಿ ನೋಡು."

ನೋಡದೆ ಇರುತ್ತೇನೆಯೇ? ನಿಜಾಮರ ಕಾಲದಿಂದ ಈ ಊರಲ್ಲಿ ಮೆಹರಿಗೆ ಬೆಳ್ಳಿ ಇಟ್ಟರೆ ನಮ್ಮ ಅಂಗಡಿಯ ಚೀಟಿ ಬೇಕು. ಚೀಟಿಗೆ ಅಪ್ಪನ ಹಿತ್ತಾಳೆ ಮುದ್ರೆ. ನಿಕಾಹಿಗೆ ಜನ ಕೂಡಿದ ಮಜಲಿಸಿನಲ್ಲಿ ಅದನ್ನು ಓದಿದ ಮೇಲೆಯೇ ಮುಂದಿನ ಮಾತು.

ಹತ್ತು ನಾಣ್ಯ ಬಿಡಿಯಾಗಿದ್ದವು, ಒಂದು ಮಾತ್ರ ನೀಲಿ ಲಕೋಟೆಯೊಳಗೆ ಬೆಚ್ಚಗೆ ಕೂತಿತ್ತು. ಎಲ್ಲಕ್ಕೂ ಒಂದೇ ಛಾಪಾ. ಈ ಕಡೆ ಬೋಳುತಲೆಯ ಸಾಹೇಬ, ಆ ಕಡೆ ಚಂದ್ರನ ಮೇಲೆ ಇಳಿಯುವ ಹದ್ದು. ರಾಜೇಸಾಬ್ ಕೈ ಮುಗಿದು, "ಮೆಹರಿಗೆ ಇಡೋ ನಾಣ್ಯರೀ, ಎಲ್ಲಾದಕ್ಕೂ ಗಾಯ ಮಾಡಬ್ಯಾಡ್ರಿ. ಒಂದು ನೋಡಿದ್ರ ಸಾಕಲ್ರೀ" ಎಂದರು. ನನಗೂ ಸರಿ ಅನಿಸಿತು. ನಿಜಾಮರ ಹಾಲಿ ಸಿಕ್ಕಾ ರೂಪಾಯಿ ನೋಡುವಾಗ ಅಪ್ಪನೂ ರಾಶಿಯಿಂದ ಒಂದನ್ನೇ ಎತ್ತುತ್ತಿದ್ದ. ಲಕೋಟೆಯದನ್ನು ತೆಗೆದು, ಸಾಹೇಬನ ತಲೆಯ ಹಿಂದೆ ಅಂಚಿನಲ್ಲಿ ಸಣ್ಣದಾಗಿ ಉಜ್ಜಿ ಒರೆಗಲ್ಲಿಗೆ ಹಚ್ಚಿದೆ. ಬಿಳಿ ಗೆರೆ. ಲೋಹ ತಿನ್ನುವ ತೇಜಾಬಿನ ಹನಿ ಹಾಕಿದರೂ ಗೆರೆ ನಿಂತಿತು. ಹದಿನಾರಾಣೆ ಅಪ್ಪಟ ಎಂದರೆ ಇದು ಹದಿಮೂರಾಣೆ ಬೆಳ್ಳಿ.

"ಹನ್ನೊಂದೂ ಹದಿಮೂರಾಣೆ ಬೆಳ್ಳಿ" ಎಂದು ಬರೆದು ಮುದ್ರೆ ಒತ್ತಿದೆ. ಪರದೇಶದ ನಾಣ್ಯ ನೋಡಿದ ಮೊದಲ ಪತ್ತಾರ ಈ ತಾಲೂಕಿನಲ್ಲಿ ನಾನೇ ಇರಬೇಕು.

ನವೆಂಬರ್ ೧೯

ನಿಕಾಹ್ ಆಯಿತು. ಚೀಟಿ ಓದಿದಾಗ ನಾಲ್ಕು ಜನ ತಿರುಗಿ ನನ್ನನ್ನು ನೋಡಿದರು. ಹಾಜಿಸಾಬ ನನಗೋಸ್ಕರ ಬೇರೆ ಒಲೆಯ ಮೇಲೆ ಶಿರಾ ಮಾಡಿಸಿದ್ದ. ಎರಡು ಸಲ ಹಾಕಿಸಿಕೊಂಡೆ.

ಜನವರಿ ೮, ೧೯೯೦. ಸೋಮವಾರ

ಬಸ್ಸಿಳಿದು ನೇರ ಈ ಪುಸ್ತಕ ತೆಗೆದಿದ್ದೇನೆ. ಅಕ್ಷರ ಸೊಟ್ಟಗಾದರೆ ಆಗಲಿ.

ತೇಜಾಬು ತರಲು ಲಿಂಗಸುಗೂರಿಗೆ ಹೋಗಿದ್ದೆ. ಅಲ್ಲಿ ಮಾಳಿಂಗಪ್ಪ ಇದ್ದಾರೆ. ಹಟ್ಟಿ ಗಣಿಯಲ್ಲಿ ಬಂಗಾರ ಪರೀಕ್ಷೆ ಮಾಡುವ ಖೋಲಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಈಗ ದೇಶ ದೇಶದ ನಾಣ್ಯ ಕೂಡಿಸುವ ಹುಚ್ಚು. ಹೋದವನು ಸುಮ್ಮನೆ ಬರಬಾರದಿತ್ತೆ? ಹನ್ನೊಂದು ಡಾಲರಿನ ಪರೀಕ್ಷೆ ಮಾಡಿದೆ, ಒಂದಂತೂ ನೀಲಿ ಲಕೋಟೆಯಲ್ಲಿತ್ತು ಎಂದು ಜಂಬ ಕೊಚ್ಚಿದೆ.

"ಅಂಚು ನೋಡಿದ್ಯೇನು?" ಎಂದರು.

"ಛಾಪಾ ನೋಡಿದ್ನಿರೀ. ಎಲ್ಲಾ ಒಂದ ಛಾಪಾ."

"ಛಾಪಾ ಯಾರು ಕೇಳ್ಯಾರ? ಅಂಚು ನೋಡಬೇಕು. ಅಂಚಿನಾಗ ಕೆಂಪು ಗೆರಿ ಕಂಡ್ರ ಒಳಗ ತಾಮ್ರ, ಮ್ಯಾಲ ನಿಕ್ಕಲ್ ಬೆರಸಿದ ತಗಡು. ಬೆಳ್ಳಿ ಕೂದಲಷ್ಟೂ ಇಲ್ಲ."

"ಒರಿಗಿ ಹಚ್ಚಿದ್ದು ಬಿಳೀ ಬಂತಲ್ರೀ ಮತ್ತ."

"ಯಾವುದು, ನೀಲಿ ಲಕೋಟಿದೇನು? ಅದು ಬ್ಯಾರೇನ. ನಾಣ್ಯ ಕೂಡಸೋರಿಗಂತ ಅವರು ಬೆಳ್ಳ್ಯಾಗ ಹೊಡದದ್ದು. ಕುತ್ತಿಗಿ ಕೆಳಗ ಎಸ್ ಅಂತ ಸಣ್ಣ ಅಕ್ಷರ ಇರ್ತೈತಿ. ಎಸ್ ಇದ್ರೂ ಅಂಚು ನೋಡೋದು ಬಿಡಬಾರದು. ತೂಕ ಇಪ್ಪತ್ನಾಲ್ಕೂವರಿ ಗ್ರಾಂ ಬರಬೇಕು. ತಾಮ್ರದ್ದಾದ್ರ ಎರಡು ಗ್ರಾಂ ಕಡಿಮಿ."

ಆಮೇಲೆ ನನ್ನ ಹದಿಮೂರಾಣೆಯನ್ನೂ ಮುರಿದು ಹಾಕಿದರು. ಆ ನಾಣ್ಯ ಪದರ ಪದರವಂತೆ. ಮೇಲಿನ ಪದರ ನೂರಕ್ಕೆ ಎಂಬತ್ತು ಬೆಳ್ಳಿ, ನಡುವಿನದು ಇಪ್ಪತ್ತೊಂದು, ಒಟ್ಟು ಲೆಕ್ಕದಲ್ಲಿ ನಲವತ್ತು. ರೂಪಾಯಿಗೆ ಆರಾಣೆ ಚಿಲ್ಲರೆ. ಒರೆಗಲ್ಲಿಗೆ ಮೈ ಗೊತ್ತು, ಹೊಟ್ಟೆ ಗೊತ್ತಿಲ್ಲ. "ಅದಕ್ಕ ಬೆಳ್ಳಿಗಿಂತ ಹೆಚ್ಚು ಬೆಲಿ ಕೊಡೋರದಾರ, ಆದ್ರ ಮೈಮ್ಯಾಲ ಗೀರು ಇರಬಾರದು. ನೀ ಉಜ್ಜಿದಿ ಅಂದ್ರ ಅರ್ಧ ಹೋತು ತಿಳಿ" ಎಂದು ನಕ್ಕರು.

ನಾನೂ ನಕ್ಕೆ. ಯಾರ ನಾಣ್ಯ ಎಂದು ಕೇಳಿದರು. ಯಾರೋ ದಾರಿಹೋಕರು ಎಂದೆ. ತೇಜಾಬು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ.

ಜನವರಿ ೧೦

ಉಳಿದ ಹತ್ತೂ ಬೆಳ್ಳಿಯೇ ಇರಬಹುದು. ಇರಬಾರದೇಕೆ?

ಅನ್ನ ಸೇರುತ್ತಿಲ್ಲ. ಹೆಂಡತಿ ತಿಮ್ಮವ್ವ ಹೊಟ್ಟೆನೋವು ಎಂದು ತಿಳಿದು ಓಮಿನ ನೀರು ಕೊಟ್ಟಳು.

ಜನವರಿ ೧೬

ಇಸ್ಮಾಯಿಲ್ ಮೊನ್ನೆ ಕುವೈತಿಗೆ ತಿರುಗಿ ಹೋದ. ಮೆಹರಬಾನು ತವರಿಗೆ ಬಂದಿದ್ದಾಳೆ. ಹಾಜಿಸಾಬನಿಗೆ, "ಪರದೇಶದ ಬೆಳ್ಳಿ ನಮ್ಮ ಹವಾಕ್ಕ ಕಪ್ಪಾಗ್ತೈತಿ, ಅಂಟುವಾಳದ ನೀರಿನಾಗ ತೊಳದು ಕೊಡ್ತೀನಿ" ಎಂದೆ. ಸುಳ್ಳು ಸಲೀಸಾಗಿ ಬಂತು.

ಹುಡುಗಿ ತಾನೇ ಗಂಟು ತಂದಳು. ಎಸ್ಸೆಸ್ಸೆಲ್ಸಿ ಓದಿದವಳು, ಒಂದೊಂದನ್ನೂ ಎಣಿಸಿ ಇಟ್ಟಳು. "ಇದು ಎಪ್ಪತ್ತೊಂದರದು ಕಾಕಾ. ನಾ ಹುಟ್ಟಿದ ವರ್ಷ. ಅವ್ರು ಹುಡುಕಿ ತೋರ್ಸಿದ್ರು." ನನಗೆ ಕೇಳಿಸಿಕೊಳ್ಳುವ ವ್ಯವಧಾನ ಇರಲಿಲ್ಲ, ಅವಳು ಹೋದರೆ ಸಾಕಾಗಿತ್ತು.

ಹೋದ ಮೇಲೆ ಅಂಚು ನೋಡಿದೆ. ಹತ್ತಕ್ಕೂ ಕೆಂಪು ಗೆರೆ. ದಡ್ಡನಿಗೂ ಕಾಣುವಷ್ಟು ಕೆಂಪು. ನಲವತ್ತಾರು ವರ್ಷದ ಪತ್ತಾರನಿಗೆ ಅವತ್ತು ಕಂಡಿರಲಿಲ್ಲ. ತೂಗಿದೆ, ಮಾಳಿಂಗಪ್ಪ ಹೇಳಿದ ತೂಕವೇ. ಹತ್ತೂ ಎರಡು ಗ್ರಾಂ ಕಡಿಮೆ. ಲಕೋಟೆಯದು ಮಾತ್ರ ಬೆಳ್ಳಿ, ಅದರ ಕುತ್ತಿಗೆ ಕೆಳಗೆ ಎಸ್, ಇಸವಿ ಎಪ್ಪತ್ತೆರಡು.

ಇದು ನನ್ನ ಚೀಟಿ. ಬೇರೆ ಯಾರ ತಪ್ಪೂ ಅಲ್ಲ. ಹೇಳಿದರೆ ಅಪ್ಪನ ಮುದ್ರೆಗೆ ನಾಳೆಯಿಂದ ಮೂರು ಕಾಸಿನ ಬೆಲೆ ಇರುವುದಿಲ್ಲ. ಮಜಲಿಸಿನಲ್ಲಿ ಓದಿದ ಮಾತು ಸುಳ್ಳಾದರೆ ಹಾಜಿಸಾಬ ನನ್ನ ಮುಖ ನೋಡುತ್ತಾನೆಯೇ?

ಜನವರಿ ೨೪

ದಾರಿ ಹೊಳೆದಿದೆ. ಚೀಟಿ ಸುಳ್ಳಾಗಿದ್ದರೆ ಚೀಟಿ ಬದಲಿಸಬೇಕಿಲ್ಲ, ನಾಣ್ಯ ಬದಲಿಸಿದರೂ ಆಯಿತು.

ಫೆಬ್ರವರಿ ೨

ತಿಮ್ಮವ್ವನ ಕಾಲಿನ ಕಡಗ ಕೇಳಿದೆ. ಸವೆದಿವೆ, ಮುರಿದು ಹೊಸ ಮಾದರಿಗೆ ಮಾಡಿಕೊಡುತ್ತೇನೆ ಎಂದೆ. ಅವಳು ಕೂತಲ್ಲೇ ಕಾಲು ಚಾಚಿ ಬಿಚ್ಚಿಸಿಕೊಂಡಳು. ಅವಳ ಅವ್ವ ಕೊಟ್ಟದ್ದು, ಮುನ್ನೂರು ಗ್ರಾಂ ಮೇಲಿದೆ.

ನುಣ್ಣನೆ ಮಣ್ಣಿಗೆ ಬೂದಿ, ಎಣ್ಣೆ ಕಲಸಿ ಅಚ್ಚು ಮಾಡಿದ್ದೇನೆ. ಹತ್ತು ನಾಣ್ಯಕ್ಕೆ ಹತ್ತು ಅಚ್ಚು ಬೇಕಿಲ್ಲ. ಲಕೋಟೆಯದೊಂದರ ಮೇಲೇ ಹತ್ತೂ ತೆಗೆಯುತ್ತೇನೆ. ತಿಳಿದವನು ನೋಡಿದರೂ ಕುತ್ತಿಗೆ ಕೆಳಗೆ ಎಸ್ ಇರಲಿ. ಇಷ್ಟು ಮುಂದಾಲೋಚನೆ ನವೆಂಬರಿನಲ್ಲಿ ಇದ್ದಿದ್ದರೆ ಎಂದು ನನ್ನನ್ನೇ ಹಂಗಿಸಿಕೊಂಡೆ.

ಫೆಬ್ರವರಿ ೧೦

ಮೊದಲ ನಾಲ್ಕು ಹಾಳಾದವು. ಹದ್ದಿನ ಮೂತಿ ಕೋಳಿಯದರಂತೆ ಬಂತು. ಐದನೆಯದು ಕೂತಿತು. ಅಂಚಿನ ಹಲ್ಲುಗಳನ್ನು ಸಣ್ಣ ಅರದಿಂದ ಒಂದೊಂದಾಗಿ ಕೊರೆದೆ. ಇಂಥ ಕೆಲಸ ಮಾಡಿ ಎಷ್ಟು ವರ್ಷವಾಗಿತ್ತು. ಸಾಹೇಬನ ಕಿವಿಯ ಮಡಿಕೆ ಕೂಡ ಬಂದಿದೆ. ಅಪ್ಪ ಇದ್ದಿದ್ದರೆ ತೋರಿಸಬಹುದಿತ್ತು.

ತೋರಿಸಲಾಗುತ್ತಿರಲಿಲ್ಲ. ಏನು ಬರೆಯುತ್ತಿದ್ದೇನೆ.

ಫೆಬ್ರವರಿ ೧೮

ಹನ್ನೊಂದನ್ನೂ ತೊಳೆದು ಗಂಟು ಕಟ್ಟಿ ಕೊಟ್ಟೆ. ಮೆಹರಬಾನು ಬಿಚ್ಚದೆ ಟ್ರಂಕಿನಲ್ಲಿಟ್ಟಳಂತೆ. ಕೆಂಪು ಅಂಚಿನ ಹತ್ತನ್ನು ಬೆಲ್ಲದ ಡಬ್ಬಿಗೆ ಹಾಕಿ ಕುಲುಮೆಯ ಹಿಂದೆ ಹೂತಿದ್ದೇನೆ. ಅವಳಿಗೆ ಮೊದಲಿಗಿಂತ ಹೆಚ್ಚೇ ಬೆಳ್ಳಿ ಸಿಕ್ಕಿದೆ. ಯಾರಿಗೂ ನಷ್ಟವಿಲ್ಲ. ತಿಮ್ಮವ್ವನ ಕಡಗ ಹೇಗಾದರೂ ಮಾಡಿಕೊಟ್ಟರಾಯಿತು.

ಮೇ ೨೦

ಬಿಸಿಲು. ಮದುವೆಯ ಕೆಲಸ ಬಹಳ. ಊಟ ಸೇರುತ್ತಿದೆ.

ಆಗಸ್ಟ್ ೪, ೧೯೯೦. ಶನಿವಾರ

ಕುವೈತಿಗೆ ಇರಾಕಿನ ಸೈನ್ಯ ನುಗ್ಗಿದೆಯಂತೆ. ಹಾಜಿಸಾಬ ಅಂಗಡಿ ತೆರೆದಿಲ್ಲ. ಅವನ ಮನೆಯ ಮುಂದೆ ರೇಡಿಯೋ ಇಟ್ಟುಕೊಂಡು ಹತ್ತು ಜನ ಕೂತಿದ್ದಾರೆ. ಸಿಂಧನೂರಿನಿಂದ ರಾಜೇಸಾಬ್ ಬಂದು ಕಂಬಕ್ಕೆ ಒರಗಿ ಕೂತರು. ನಾನೂ ಸ್ವಲ್ಪ ಹೊತ್ತು ಕೂತೆ.

ಒಂದು ಮಾತು ಬರೆದು ಹೊಡೆದು ಹಾಕಿದೆ, ಮತ್ತೆ ಬರೆಯುತ್ತೇನೆ. ಇಲ್ಲಿ ನನಗೆ ನಾನೇ ಸುಳ್ಳು ಹೇಳಿದರೆ ಪುಸ್ತಕವೇಕೆ? ಆ ನಾಣ್ಯಗಳನ್ನು ಕೈಯಾರೆ ತಂದವನು ಇಸ್ಮಾಯಿಲ್. ಅವನು ಬರದಿದ್ದರೆ ಕೇಳುವವರು ಯಾರೂ ಇಲ್ಲ ಎಂದು ಒಂದು ಕ್ಷಣ ಅನಿಸಿತು. ಒಂದೇ ಕ್ಷಣ. ಆಮೇಲೆ ಬಾವಿಕಟ್ಟೆಗೆ ಹೋಗಿ ಮುಖ ತೊಳೆದೆ.

ಆಗಸ್ಟ್ ೨೯

ಇಸ್ಮಾಯಿಲ್‌ನ ಸುದ್ದಿ ಇಲ್ಲ. ಕಾಗದ ಇಲ್ಲ, ತಾರು ಇಲ್ಲ.

ಹಾಜಿಸಾಬ ಹೇಳಿದ, "ಹುಡುಗಿ ಸುಮ್ನ ಕುಂದ್ರಂಗಿಲ್ಲ ಅಂತಾಳ. ಹೊಲಿಗಿ ಮಿಷನ್ ತಗೋತಾಳಂತ. ಮೆಹರಿನ ಡಾಲರ್‌ನಾಗ ಮೂರ‍್ನಾಲ್ಕು ಮಾರ್ತೀನಿ ಅಂತಾಳ. ಅಕೀದು, ಮಾರ್ಲಿ. ಲಿಂಗಸುಗೂರಿನಾಗ ಯಾರೋ ಮಾಳಿಂಗಪ್ಪ ಅಂತ ಅದಾರಂತಲ್ಲ, ಇಂಥಾವಕ್ಕ ಚಲೋ ಬೆಲಿ ಕೊಡ್ತಾರಂತ."

ನಾನು ಇಕ್ಕಳ ಕೆಳಗಿಟ್ಟೆ. "ಅಲ್ಲಿತನ ಯಾಕ ಹೋಗೋದು? ನಾ ತಗೋತೀನಿ. ಎಷ್ಟು ಹೇಳ್ತಾಳೋ ಅಷ್ಟು."

"ನೀನು? ಪರದೇಶದ ನಾಣ್ಯ ಇಟಗೊಂಡು ನೀ ಏನು ಮಾಡ್ತಿ?"

"ಕರಗಸ್ತೀನಿ."

"ಕರಗ್ಸೋದಕ್ಕ ಹೆಚ್ಚಿಗಿ ಯಾಕ ಕೊಡ್ತಿ?" ಎಂದು ನನ್ನ ಮುಖವನ್ನೇ ನೋಡಿದ. ಮೂವತ್ತು ವರ್ಷದಲ್ಲಿ ಹಾಜಿಸಾಬ ನನ್ನನ್ನು ಹಾಗೆ ನೋಡಿದ್ದಿಲ್ಲ.

ಸೆಪ್ಟೆಂಬರ್ ೩

ಅವರು ಹೋಗಿದ್ದಾರೆ. ಹಾಜಿಸಾಬ, ಮೆಹರಬಾನು, ರಾಜೇಸಾಬ್ ಮೂವರೂ, ಬೆಳಗಿನ ಬಸ್ಸಿಗೆ. ನಾನು ಅಂಗಡಿಯಲ್ಲಿ ಕೂತು ಒಂದು ಮೂಗುತಿಯನ್ನು ಮೂರು ಸಲ ಕೆಡಿಸಿದೆ.

ಬೆಳ್ಳಿ ಅಪ್ಪಟ. ಹೆದರಬೇಕಾದ್ದು ಏನಿದೆ? ಬೆಳ್ಳಿ ಅಪ್ಪಟ.

ಸಂಜೆ: ಬಂದರು. ಮೂವರೂ ಮಾತಾಡದೆ ನನ್ನ ಅಂಗಡಿಯ ಮುಂದಿನಿಂದಲೇ ಹೋದರು. ಆಮೇಲೆ ಹಾಜಿಸಾಬನ ಹೆಂಡತಿ ದಾವಲ್‌ಬೀ ಅಳುವುದು ಗೋಡೆಯಾಚೆಯಿಂದ ಕೇಳಿತು.

ಸೆಪ್ಟೆಂಬರ್ ೫

ಎಲ್ಲ ಗೊತ್ತಾಯಿತು. ಹಾಜಿಸಾಬನೇ ಬಂದು ಹೇಳಿದ. ನನ್ನ ಎದುರಿಗೆ ಕೂತು, ನನಗೇ ಹೇಳಿದ.

ಮಾಳಿಂಗಪ್ಪ ಹನ್ನೊಂದನ್ನೂ ಸಾಲಾಗಿ ಇಟ್ಟರಂತೆ. ಕನ್ನಡಕ ಬದಲಿಸಿ ನೋಡಿದರಂತೆ. "ಒಂದು ಅಸಲಿ. ಹತ್ತು ಖೋಟಾ. ಬೆಳ್ಳಿ ಏನೋ ಚಲೋ ಐತಿ, ಆದ್ರ ಇದು ಟಂಕಸಾಲಿಯಾಗ ಹೊಡದದ್ದಲ್ಲ, ಎರಕ ಹೊಯ್ದದ್ದು. ನೋಡ್ರಿ, ಹನ್ನೊಂದಕ್ಕೂ ತಲಿ ಹಿಂದ ಒಂದ ಜಾಗಾದಾಗ ಒಂದ ನಮೂನಿ ಗಾಯ. ಖೋಟಾ ನಾಣ್ಯ ಇಟ್ಟುಕೊಂಡವರನ್ನೂ ಪೊಲೀಸರು ಬಿಡಂಗಿಲ್ಲ, ಮೊದಲು ಮನಿಗಿ ಒಯ್ರಿ" ಎಂದರಂತೆ.

ಗಾಯ. ಅವತ್ತು ನಾನು ಉಜ್ಜಿದ ಗಾಯ. ಅಚ್ಚು ಒತ್ತುವಾಗ ಅದನ್ನು ನೋಡಲೇ ಇಲ್ಲ. ನನ್ನ ಕೈಯ ಗುರುತನ್ನು ನಾನೇ ಹತ್ತು ಸಲ ಎರಕ ಹೊಯ್ದಿದ್ದೇನೆ. ಪೊಲೀಸು ಎನ್ನುವ ಮಾತು ಇಷ್ಟು ತಿಂಗಳಲ್ಲಿ ಒಮ್ಮೆಯೂ ತಲೆಗೆ ಬಂದಿರಲಿಲ್ಲ. ಒಂದು ಹುಡುಗಿಯ ಟ್ರಂಕಿನಲ್ಲಿ ಜೈಲಿಗೆ ಕಳಿಸುವ ವಸ್ತು ಇಟ್ಟು ಬಂದು, ಯಾರಿಗೂ ನಷ್ಟವಿಲ್ಲ ಎಂದು ಇದೇ ಪುಸ್ತಕದಲ್ಲಿ ಬರೆದಿದ್ದೇನೆ.

ಹಾಜಿಸಾಬ ಇನ್ನೂ ಹತ್ತಿರ ಸರಿದ. "ನೀ ಅವತ್ತು ಒಂದ ನೋಡಿದ್ದಿ, ಉಳಿದವು ಅಂವ ಮೋಸ ಮಾಡ್ಯಾನ ಅಂತಾರ ಎಲ್ಲಾರೂ. ಕುವೈತಿನಾಗ ಮಾಡಿಸಿ ತಂದಾನಂತ. ಯಂಕೋಬ, ಆ ಹುಡುಗ ಜೀವಂತ ಅದಾನೋ ಇಲ್ಲೋ ಗೊತ್ತಿಲ್ಲ. ಅಂವಗ ಕಳ್ಳ ಅನ್ನಾಕತ್ತಾರ. ಶುಕ್ರವಾರ ಜುಮ್ಮಾ ಆದ ಮ್ಯಾಲ ಜಮಾತ್ ಕೂಡ್ತೈತಿ. ನೀನೂ ಬಾ. ಚೀಟಿ ನಿಂದು."

ನಾನು ಹೂಂ ಎಂದೆ. ನನ್ನ ಮೇಲೆ ಯಾರಿಗೂ ಅನುಮಾನವಿಲ್ಲ, ಮಾಳಿಂಗಪ್ಪ ಕೂಡ ಜನವರಿಯ ನನ್ನ ಮಾತು ಎತ್ತಿಲ್ಲ. ಸುಮ್ಮನಿದ್ದರೆ ನಾನು ಬಚಾವು. ಇದಕ್ಕಿಂತ ಹೆದರಿಕೆಯ ಮಾತು ಬೇರೆ ಇಲ್ಲ.

ಸೆಪ್ಟೆಂಬರ್ ೬

ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಮೆಹರಬಾನು ಬಂದಳು. ಕೂಡು ಎಂದೆ, ಕೂಡಲಿಲ್ಲ.

"ಕಾಕಾ, ಫೆಬ್ರವರ್‍ಯಾಗ ನೀವು ಕೊಟ್ಟ ಗಂಟು ನಾ ಮೊನ್ನೆತನ ಬಿಚ್ಚಿರಲಿಲ್ಲ."

ನಾನು ಕುಲುಮೆಯ ಕಡೆ ನೋಡಿದೆ. ನೋಡಬಾರದಿತ್ತು.

"ಎಪ್ಪತ್ತೊಂದರದು ಅದರಾಗಿಲ್ಲ. ಎಲ್ಲಾ ಎಪ್ಪತ್ತೆರಡು ಅದಾವ. ನಾ ಯಾರಿಗೂ ಹೇಳಿಲ್ಲ. ಅಪ್ಪಗೂ ಹೇಳಿಲ್ಲ." ಹೊಸ್ತಿಲಲ್ಲಿ ನಿಂತು, "ನೀವು ದೊಡ್ಡವ್ರು. ನಾಳಿ ನೀವ ಬರ್ತೀರಲ್ಲ" ಎಂದು ಹೋದಳು.

ಬೈಯಬಹುದಿತ್ತು. ಬೈದಿದ್ದರೆ ನನಗೂ ಸಿಟ್ಟು ಬರುತ್ತಿತ್ತು, ಸುಳ್ಳು ಹೇಳಲು ದಾರಿಯಾಗುತ್ತಿತ್ತು. ಅವಳು ಅದನ್ನೂ ಮುಚ್ಚಿ ಹೋದಳು.

ತಿಮ್ಮವ್ವನಿಗೆ ಹೇಳಬೇಕೆಂದು ಎರಡು ಸಲ ಅಡಿಗೆಮನೆಗೆ ಹೋದೆ. ಎರಡು ಸಲವೂ ನೀರು ಕುಡಿದು ಬಂದೆ. ಜ್ವರ ಬಂದಿದೆ ಎಂದು ಹೇಳಿ ಕಳಿಸಿದರೆ ಹೇಗೆ? ಮುಟ್ಟಿ ನೋಡಿಕೊಂಡೆ. ಜ್ವರ ಇಲ್ಲ.

ಸೆಪ್ಟೆಂಬರ್ ೭. ಶುಕ್ರವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮಸೀದಿಯ ಪಡಸಾಲೆಯಲ್ಲಿ ಇಪ್ಪತ್ತು ಜನ. ಬಾಗಿಲ ಪರದೆಯ ಹಿಂದೆ ದಾವಲ್‌ಬೀ, ಮೆಹರಬಾನು. ನಡುವೆ ಚಾಪೆಯ ಮೇಲೆ ಹನ್ನೊಂದು ನಾಣ್ಯ, ಪಕ್ಕದಲ್ಲಿ ನನ್ನ ಚೀಟಿ. ರಾಜೇಸಾಬರನ್ನು ನಿಲ್ಲಿಸಿದ್ದರು. ನಿಲ್ಲಿಸಿರಲಿಲ್ಲ, ಕೂಡಿರಿ ಎಂದರೂ ಅವರೇ ಕೂತಿರಲಿಲ್ಲ.

"ನನ್ನ ಮಗ ಮೋಸಗಾರ ಅಲ್ರೀ. ಅಂವ ಬರ್ಲಿ, ಅಂವನ್ನ ಕೇಳ್ರಿ. ಇಲ್ಲದವನ ಮ್ಯಾಲ ಹಾಕಬ್ಯಾಡ್ರಿ" ಎಂದು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಆ ಮನುಷ್ಯನ ತಲೆಯನ್ನು ನಾನು ಬರಿದಾಗಿ ನೋಡಿದ್ದು ಅದೇ ಮೊದಲು.

ನನ್ನ ಬಗಲಲ್ಲಿ ಬೆಲ್ಲದ ಡಬ್ಬಿ ಇತ್ತು. ಬೆಳಿಗ್ಗೆಯೇ ಅಗೆದು ತೆಗೆದಿದ್ದೆ. ತೆಗೆದದ್ದು ಕೊಡಲಿಕ್ಕೋ, ಬರುವ ದಾರಿಯಲ್ಲಿ ಹಳ್ಳಕ್ಕೆ ಎಸೆಯಲಿಕ್ಕೋ ನನಗೇ ಗೊತ್ತಿರಲಿಲ್ಲ. ಕೂತಲ್ಲಿಂದಲೇ ಡಬ್ಬಿ ಮುಂದೆ ತಳ್ಳಿದೆ. ಮುಚ್ಚಳ ಬಿಚ್ಚಿಕೊಂಡು ಹತ್ತೂ ಚಾಪೆಯ ಮೇಲೆ ಉರುಳಿದವು.

"ಇಸ್ಮಾಯಿಲ್ ತಂದವು ಇವು. ತಾಮ್ರದವು, ಅಂಚು ನೋಡ್ರಿ. ಅಂವಗೂ ಗೊತ್ತಿರಲಿಲ್ಲ. ನನಗ ಗೊತ್ತಿರಬೇಕಾಗಿತ್ತು. ಒಂದ ನೋಡಿ ಹನ್ನೊಂದಕ್ಕ ಬರದುಕೊಟ್ಟೆ. ತಿಳಿದ ಮ್ಯಾಲ ಹೇಳಲಿಲ್ಲ, ಹೆದರಿದೆ. ಆ ಖೋಟಾ ಹತ್ತು ನನ್ನ ಕೈಲೆ ಆದವು."

ಹಾಜಿಸಾಬ ನನ್ನ ಕಡೆ ನೋಡದೆ ಚಾಪೆಯ ಎಳೆ ಕೀಳುತ್ತ ಕೂತ. ರಾಜೇಸಾಬ್ ಟೋಪಿ ಹಾಕಿಕೊಂಡು ಮೆಲ್ಲಗೆ ಕೂತರು.

ಖೋಟಾ ನಾಣ್ಯ ಊರಲ್ಲಿ ಉಳಿಯಬಾರದು, ಇಲ್ಲೇ ಬಡಿದು ಹಾಕು ಎಂದರು ಜಮಾತಿನ ಹಿರಿಯರು. ಹುಡುಗರು ನನ್ನ ಅಂಗಡಿಯಿಂದ ಸುತ್ತಿಗೆ, ಅಡಿಗಲ್ಲು ತಂದರು. ಸಾಹೇಬನ ಕಿವಿಯ ಮಡಿಕೆ ಮೊದಲ ಪೆಟ್ಟಿಗೇ ಹೋಯಿತು. ಹತ್ತೂ ಚಪ್ಪಟೆಯಾದ ಮೇಲೆ ಪರದೆಯ ಕಡೆ ಸರಿಸಿದೆ.

"ಇದು ಅಪ್ಪಟ ಬೆಳ್ಳಿ ಮೆಹರಬಾನು. ಎಲ್ಲಾ ನಿಂದ. ತಗೋ."

ಹಿರಿಯರು ಗಂಟಲು ಸರಿಮಾಡಿಕೊಂಡು, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. "ಬೇಟಿ, ಬೆಳ್ಳಿ ಅಂತ ಮಾತಾಗಿತ್ತು, ಒಂದ ಬೆಳ್ಳಿ ಸಿಕ್ಕೈತಿ. ಉಳಿದ ಹತ್ತು ನಿನ್ನ ಗಂಡನ ಮ್ಯಾಲ ಬಾಕಿ ಆತು. ಪತ್ತಾರ ಕೊಟ್ಟದ್ದನ್ನರ ತಗೋ, ಇಲ್ಲಾ ಗಂಡಗ ಮಾಫ್ ಮಾಡು. ಮಾತು ಇಲ್ಲಿಗಿ ಮುಗೀಲಿ."

ದಾವಲ್‌ಬೀ ಪರದೆಯ ಹಿಂದೆ ಚೀರಿದಳು. "ಮೆಹರ್ ಮಾಫ್ ಮಾಡು ಅಂತ ಗಂಡನ ಹೆಣದ ಮುಂದ ಕೇಳ್ತಾರ. ನನ್ನ ಅಳಿಯ ಸತ್ತಾನೇನು?"

ಹಿರಿಯರು ತಲೆ ತಗ್ಗಿಸಿದರು. ಆ ಪದ್ಧತಿ ನನಗೂ ಗೊತ್ತು. ಎಷ್ಟೋ ಸಾವಿನ ಮನೆಗಳಲ್ಲಿ ಹೊರಗೆ ನಿಂತು ಕೇಳಿದ್ದೇನೆ.

ಆಗ ಮೆಹರಬಾನು ಮಾತಾಡಿದಳು.

"ನಾ ಮಾಫ್ ಮಾಡಂಗಿಲ್ಲ. ಕಾಕಾನ ಬೆಳ್ಳೀನೂ ಬ್ಯಾಡ. ಅದು ತಗೊಂಡ್ರ ಅವರ ಬಾಕಿ ತೀರಿದಂಗ ಆಕೈತಿ. ನನಗ ಈಗ ತೀರೋದು ಬ್ಯಾಡ. ಹತ್ತು ಬಾಕಿ ಅದಾವ. ಅವ್ರು ಬಂದು ತಮ್ಮ ಕೈಯಾರೆ ಕೊಡಬೇಕು. ಬಂದ ಕೊಡಬೇಕು."

ಪರದೆಯ ಕೆಳಗಿನಿಂದ ಕೈ ಬಂತು. ಕೆಂಪು ಅಂಚಿನ ಹತ್ತನ್ನೂ ಲಕೋಟೆಯದನ್ನೂ ಬಳಿದುಕೊಂಡಿತು. ಎಪ್ಪತ್ತೊಂದರದು ಸ್ವಲ್ಪ ದೂರ ಉರುಳಿತ್ತು, ಅದನ್ನು ರಾಜೇಸಾಬ್ ಎತ್ತಿಕೊಟ್ಟರು.

"ಹಳೇ ಚೀಟಿ ಹರದು ಹೊಸಾದು ಬರೀರಿ ಕಾಕಾ. ಸುಳ್ಳಿಲ್ಲದ್ದು."

ಬರೆದೆ. "ಒಂದು ಡಾಲರ್, ಆರಾಣೆ ಬೆಳ್ಳಿ, ಪರೀಕ್ಷೆಯ ಗಾಯ ಉಂಟು. ಹತ್ತು ಡಾಲರ್, ತಾಮ್ರ. ಇಸ್ಮಾಯಿಲ್ ಕೊಡಬೇಕಾದ ಬೆಳ್ಳಿ, ಹತ್ತು ಬಾಕಿ." ಮುದ್ರೆ ಒತ್ತಿದೆ. ಇಪ್ಪತ್ತು ಜನರ ಮುಂದೆ ಅಪ್ಪನ ಮುದ್ರೆ ಸರಿಯಾಗಿ ಬೀಳಲಿಲ್ಲ, ಎರಡನೆಯ ಸಲ ಒತ್ತಬೇಕಾಯಿತು.

ಸೆಪ್ಟೆಂಬರ್ ೮

ತಿಮ್ಮವ್ವನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಒಂದು ಜೋಡಿ ಕಡಗ ಮುರದು ಮಾಡಾಕ ಏಳು ತಿಂಗಳು ಯಾಕ ಬೇಕು ಅಂತ ನಾ ಕೇಳಿದ್ನೇನು? ಪತ್ತಾರನ ಹೇಣ್ತಿ ಅದೀನಿ ನಾ."

ಸೆಪ್ಟೆಂಬರ್ ೧೮

ಹತ್ತು ದಿನದಲ್ಲಿ ನಾಲ್ಕೇ ಗಿರಾಕಿ. ಮುಕ್ಕುಂದದ ಒಬ್ಬ ಹೆಂಗಸು ಬಂದು, ಸರ ಕೊಡುವ ಮೊದಲೇ "ನೀವ ಅಲ್ಲೇನ್ರಿ ಆ ಡಾಲರ್‌ನವ್ರು" ಎಂದು ಕೇಳಿದಳು. ಹೌದು ಎಂದೆ. ಆದರೂ ಸರ ಕೊಟ್ಟು ಹೋದಳು. ಸರದ ಮೂವತ್ತೆರಡು ಗುಂಡನ್ನೂ ಒಂದೊಂದಾಗಿ ನೋಡಿದೆ. ಒಂದರಲ್ಲಿ ಅರಗು ಇತ್ತು.

ಹಾಜಿಸಾಬ ಮಾತಾಡುವುದಿಲ್ಲ. ಅಂಗಡಿಯ ಹಳೆಯ ಹೊಲಿಗೆ ಮಿಷನ್ನನ್ನು ಮಗಳಿಗೆ ಕೊಟ್ಟಿದ್ದಾನೆ. ಗೋಡೆಯಾಚೆ ಅದರ ಸದ್ದು ದಿನವಿಡೀ ಕೇಳುತ್ತದೆ. ನಿಂತರೆ ನನಗೆ ಗಾಬರಿಯಾಗುತ್ತದೆ, ಏನಾದರೂ ಸುದ್ದಿ ಬಂತೇನೋ ಎಂದು.

ಸೆಪ್ಟೆಂಬರ್ ೨೭

ಕುವೈತಿನವರನ್ನು ವಿಮಾನದಲ್ಲಿ ಬೊಂಬಾಯಿಗೆ ತರುತ್ತಿದ್ದಾರಂತೆ. ಪೇಪರು ಬರುವ ಬಸ್ಸಿಗೆ ದಿನಾ ನಿಲ್ಲುತ್ತೇನೆ. ಸಂತೆಕಲ್ಲೂರಿನ ಒಬ್ಬ ಬಂದಿದ್ದಾನೆಂದು ಕೇಳಿ ಅಲ್ಲಿಗೆ ಹೋಗಿ ಬಂದೆ. ಇಸ್ಮಾಯಿಲ್ ಅಂಬುವವನನ್ನು ಅವನು ನೋಡಿಲ್ಲ. ಮರುಭೂಮಿಯಲ್ಲಿ ಬಹಳ ಜನ ಕಾದಿದ್ದಾರೆ, ನೀರಿಲ್ಲ ಎಂದ. ತಿರುಗಿ ಬರುವಾಗ ಬಸ್ಸಿನ ಕಿಟಕಿಯಲ್ಲಿ ತಲೆ ಇಟ್ಟು ಕೂತಿದ್ದೆ. ಕಂಡಕ್ಟರು ಯಾರಾದರೂ ನಿಮ್ಮವರೇ ಎಂದು ಕೇಳಿದ. ಹೂಂ ಎಂದುಬಿಟ್ಟೆ.

ಅಕ್ಟೋಬರ್ ೨

ತಿಮ್ಮವ್ವ ಕಡಗದ ಬೆಳ್ಳಿ ಕೇಳಿದಳು. ಚಪ್ಪಟೆಯಾದ ಹತ್ತು ತುಂಡು ಪೆಟ್ಟಿಗೆಯಲ್ಲಿವೆ. ಇನ್ನೂ ಕರಗಿಸಿಲ್ಲ. ಸ್ವಲ್ಪ ದಿನ ಇರಲಿ, ಯಾರಾದರೂ ಹತ್ತು ತುಂಡು ಬೆಳ್ಳಿ ಕೊಳ್ಳಲು ಬಂದರೆ ಅಂಗಡಿಯಲ್ಲಿ ಇಲ್ಲ ಎನ್ನಬಾರದು ಎಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ, ಇರಲಿ ಬಿಡು ಎಂದಳು. ಹಣ ಬಂದರೆ ಅವಳಿಗೆ ಹೊಸದು ಮಾಡಬೇಕು, ಮೊದಲಿಗಿಂತ ದಪ್ಪ.

ಅಕ್ಟೋಬರ್ ೯

ಬೆಳಿಗ್ಗೆ ಮಿಷನ್ನಿನ ಸದ್ದು ನಿಂತಿತು. ನಾನು ಇಕ್ಕಳ ಹಿಡಿದುಕೊಂಡು ಎದ್ದು ನಿಂತೆ. ಗೋಡೆಯಾಚೆ ಯಾರೋ ಓಡಿದರು, ದಾವಲ್‌ಬೀ ಅತ್ತಳು. ಆ ಅಳು ಯಾವ ಬಗೆಯದು ಎಂದು ತಿಳಿಯಲಿಲ್ಲ. ಹೋಗಿ ಕೇಳುವ ಮುಖ ನನಗಿಲ್ಲ. ಕುಲುಮೆ ಆರಿತು, ಹಾಗೇ ನಿಂತಿದ್ದೆ.

ಎಷ್ಟೋ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಹಾಜಿಸಾಬ. ತಿಂಗಳ ಮೇಲೆ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ್ದ. ಕೈಯಲ್ಲಿ ಬೊಂಬಾಯಿಯ ತಾರು. ಕಣ್ಣೆಲ್ಲ ಒದ್ದೆ. ನನ್ನನ್ನು ನೋಡದೆ, ಒರೆಗಲ್ಲನ್ನು ನೋಡುತ್ತ ಹೇಳಿದ.

"ನಾ ಮಾತಾಡಾಕ ಬಂದಿಲ್ಲ. ಮಗಳು ಹೇಳಿ ಕಳಿಸ್ಯಾಳ. ಒರಿಗಲ್ಲು ತೊಳದಿಡಬೇಕಂತ. ಬಾಕಿದಾರರು ಬರಾಕತ್ತ್ಯಾರಂತ."

ಅವನು ಹೋದ ಮೇಲೆ ಕಲ್ಲು ತೊಳೆದೆ. ಆಮೇಲೆ ಪೆಟ್ಟಿಗೆಯಿಂದ ಹತ್ತು ತುಂಡೂ ತೆಗೆದು ಒಂದೊಂದನ್ನೂ ಒರೆಗೆ ಹಚ್ಚಿದೆ, ಒಂದೊಂದನ್ನೂ ತೂಗಿದೆ. ನನ್ನ ಕೈಯಿಂದಲೇ ಕರಗಿಸಿದ ಬೆಳ್ಳಿ, ಆದರೂ ಹತ್ತನ್ನೂ ನೋಡಿದೆ.